‘ಪಾಷಂಡ’ ಪದದ ಚರಿತ್ರೆ

ಇಂದು ‘ಪಾಷಂಡಿ’ ಎಂದೊಡನೆ ನಾಸ್ತಿಕ, ಕಪಟಿ ಎಂಬ ನಿಂದೆಯೇ ನೆನಪಾಗುತ್ತದೆ. ಆದರೆ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನಗಳಲ್ಲಿ ‘ಪಾಸಂಡ’ವೆಂದರೆ ಮತಪಂಥ, ಅಷ್ಟೇ. ಅದರಲ್ಲಿ ಸ್ತುತಿಯೂ ಇಲ್ಲ, ನಿಂದೆಯೂ ಇಲ್ಲ. ಏಳನೆಯ ಸ್ತಂಭಶಾಸನದಲ್ಲಿ ಧರ್ಮಮಹಾಮಾತ್ರರು ನೋಡಿಕೊಳ್ಳಬೇಕಾದ ಪಾಸಂಡಗಳ ಸಾಲಿನಲ್ಲಿ ಬೌದ್ಧಸಂಘ, ಬ್ರಾಹ್ಮಣ, ಆಜೀವಿಕರೊಡನೆ ನಿರ್ಗ್ರಂಥರೂ ಸೇರಿದ್ದಾರೆ.

ಹನ್ನೆರಡನೆಯ ಶಿಲಾಶಾಸನವು ಸಕಲ ಪಾಸಂಡಗಳ ಸಾರವೃದ್ಧಿಯನ್ನು ಬಯಸುತ್ತದೆ. ಅಕಾರಣವಾಗಿ ಸ್ವಮತವನ್ನು ಹೊಗಳದೆ, ಪರಮತವನ್ನು ಹಳಿಯದೆ ನಾಲಗೆಯನ್ನು ಕಾಯುವ ‘ವಚಗುತಿ’ಯೇ ಅದಕ್ಕೆ ಮೂಲವೆನ್ನುತ್ತದೆ. ನಮ್ಮ ತ್ರಿಗುಪ್ತಿಗಳಲ್ಲಿ ಒಂದಾದ ವಚನಗುಪ್ತಿ ಓದುಗರಿಗೆ ಇಲ್ಲಿ ಸಹಜವಾಗಿಯೇ ನೆನಪಾದೀತು. ಭೀಮಾತೀರದ ಸನ್ನತಿಯಲ್ಲಿ ದೊರೆತ ಶಿಲಾಫಲಕದಲ್ಲಿಯೂ ಈ ಶಾಸನವಿದೆ.

ಭುವನೇಶ್ವರದ ಸಮೀಪದ ಉದಯಗಿರಿಯಲ್ಲಿರುವ ಹಾಥಿಗುಂಫಾ ಶಾಸನವು ಅರ್ಹಂತರಿಗೂ ಸಿದ್ಧರಿಗೂ ನಮಸ್ಕರಿಸಿ ಆರಂಭವಾಗುತ್ತದೆ. ಅದರಲ್ಲಿ ಕಳಿಂಗಾಧಿಪತಿ ಖಾರವೇಲನು ಸರ್ವ ಪಾಸಂಡಗಳ ಪೂಜಕನೆಂದು ವರ್ಣಿತನಾಗಿದ್ದಾನೆ. ಜಿನಭಕ್ತನಾದ ಅರಸನಿಗೆ ಅಂದು ಅದು ಗೌರವದ ವಿಶೇಷಣ.

ಮುಂದೆ ಪದದ ಗತಿ ಬದಲಾಯಿತು. ಮನುಸ್ಮೃತಿಯಲ್ಲಿ ಪಾಷಂಡರು ಸತ್ಕಾರಕ್ಕೆ ಅನರ್ಹರು, ನಗರದಿಂದ ಹೊರಹಾಕತಕ್ಕವರು. ಪುರಾಣಗಳು ಜೈನರನ್ನೂ ಬೌದ್ಧರನ್ನೂ ಅದೇ ಹೆಸರಿನಿಂದ ಕರೆದವು. ಹೀಗೆ ಹೇಳಿ ಅನ್ಯರನ್ನಷ್ಟೇ ದೂರುವುದು ನ್ಯಾಯವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಹೇಳುವ ಮೂರು ಮೂಢತೆಗಳಲ್ಲಿ ಒಂದು ಪಾಷಂಡಿಮೂಢತೆ. ಆರಂಭಪರಿಗ್ರಹಗಳಲ್ಲಿ ತೊಡಗಿದ ವೇಷಧಾರಿಗಳನ್ನು ಪೂಜಿಸುವುದು. ಆಚಾರ್ಯರು ಅಲ್ಲಿ ತಿದ್ದಿದ್ದು ಪೂಜಿಸುವ ಶ್ರಾವಕನ ಅವಿವೇಕವನ್ನು. ನಾವಾದರೋ ಆ ಪದವನ್ನು ಪರರ ಮೇಲೆಸೆಯುವ ಕಲ್ಲಾಗಿಸಿಕೊಂಡಿದ್ದೇವೆ.

ಎಲ್ಲ ಪಂಥಗಳಿಗೂ ಸಲ್ಲುತ್ತಿದ್ದ ಹೆಸರು ಬೈಗುಳವಾದದ್ದು ಪದದ ದೋಷದಿಂದಲ್ಲ, ಆಡಿದವರ ಕಷಾಯದಿಂದ. ಇಂದು ನಾವು ಅನ್ಯಮತೀಯರನ್ನು ಕರೆಯುವ ಹೆಸರುಗಳನ್ನೂ ಒಮ್ಮೆ ಪರೀಕ್ಷಿಸಿಕೊಳ್ಳೋಣ. ವಚನಗುಪ್ತಿಯ ಅಭ್ಯಾಸ ಅಲ್ಲಿಂದಲೇ ಆರಂಭವಾಗಲಿ.