ಮರಳಿನ ಮೇಲೊಂದು ಜೀವಪದರ

ನಮ್ಮ ಭಾಗದವರಿಗೆ ನೀರಿನ ಬೆಲೆಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಮಹಾಕೂಟದ ವಿಷ್ಣು ಪುಷ್ಕರಣಿಗೆ ಒರತೆಯೇ ಆಧಾರ. ಅದರ ಸುತ್ತ ಚಾಲುಕ್ಯರು ಗುಡಿಗಳನ್ನು ಕಟ್ಟಿಸಿದರು. ಮಂಗಳೇಶನ ಕಾಲದ ಇಲ್ಲಿಯ ಶಾಸನಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ತಿಳಿನೀರೆಲ್ಲ ಶುದ್ಧ ಅನ್ನಲಿಕ್ಕೆ ಬರೂದಿಲ್ಲ. ನಾರುಹುಣ್ಣು ಇದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹುಣ್ಣಿದ್ದವರು ಮೆಟ್ಟಿಲು ಬಾವಿಗಿಳಿದರೆ ಮರಿಹುಳುಗಳು ನೀರು ಸೇರುತ್ತಿದ್ದವು. ಅಲ್ಲಿಂದ ಕಂಡೂ ಕಾಣದಂಥ ನೀರುಜೀವಿಯ ಮೂಲಕ ಕುಡಿದವರ ಮೈಗೆ. ಔಷಧವಿಲ್ಲದ ಆ ರೋಗಕ್ಕೆ ನೀರನ್ನು ಅರಿವೆಯಲ್ಲಿ ಸೋಸುವುದೇ ದೊಡ್ಡ ಉಪಾಯವಾಯಿತು. 2000ರಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ಘೋಷಿತವಾಯಿತು.

ಅರಿವೆಗೆ ಸಿಗದ ಕಾಲರಾದಂಥ ರೋಗಾಣುಗಳಿಗೆ ಬೇರೆ ಸೋಸಣಿಗೆ ಬೇಕು. 1829ರಲ್ಲಿ ಜೇಮ್ಸ್ ಸಿಂಪ್ಸನ್ ಎಂಬ ಎಂಜಿನಿಯರರು ಲಂಡನ್ನಿನಲ್ಲಿ ಮರಳಿನ ಸೋಸುತೊಟ್ಟಿ ಕಟ್ಟಿದರು. ಅದರ ನಿಜವಾದ ಗುಣ ತಿಳಿದದ್ದು 1892ರಲ್ಲಿ. ಜರ್ಮನಿಯ ಹ್ಯಾಂಬರ್ಗ್ ನಗರ ಎಲ್ಬ ನದಿಯ ನೀರನ್ನು ಸೋಸದೆ ಕುಡಿದು, ಕಾಲರಾಕ್ಕೆ ಎಂಟು ಸಾವಿರಕ್ಕೂ ಮೇಲ್ಪಟ್ಟು ಜನರನ್ನು ಕಳೆದುಕೊಂಡಿತು. ಪಕ್ಕದ ಆಲ್ಟೋನಾ ಊರು ಅದೇ ಹೊಳೆಯ ಕೆಳಗಿನ, ಇನ್ನೂ ಹೊಲಸು ನೀರನ್ನು ಮರಳಿನಲ್ಲಿ ಸೋಸಿ ಕುಡಿದು ಬಹುಮಟ್ಟಿಗೆ ಪಾರಾಯಿತು.

ಇದರ ಗುಟ್ಟು ಬರೇ ಮರಳಿನಲ್ಲಿಲ್ಲ. ಸುಮಾರು ಒಂದು ಮೀಟರ್ ನುಣ್ಣನೆಯ ಮರಳಿನ ಮೂಲಕ ನೀರು ನಿಧಾನವಾಗಿ, ತಾಸಿಗೆ ಹತ್ತಿಪ್ಪತ್ತು ಸೆಂಟಿಮೀಟರಿನಷ್ಟೇ ಇಳಿಯಬೇಕು. ಕೆಲವು ವಾರಗಳಲ್ಲಿ ಮರಳಿನ ಮೇಲೆ ಲೋಳೆಯಂಥ ಪದರ ಬೆಳೆಯುತ್ತದೆ. ಅದರಲ್ಲಿರುವ ಸೂಕ್ಷ್ಮಜೀವಿಗಳು ರೋಗಾಣುಗಳನ್ನು ಹಿಡಿದು ತಿನ್ನುತ್ತವೆ. ಒಂದು ಚದರ ಮೀಟರಿನ ತೊಟ್ಟಿ ದಿನಕ್ಕೆ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಕೊಡಬಲ್ಲದು. ಕರೆಂಟು ಬೇಕಿಲ್ಲ, ಮದ್ದೂ ಬೇಕಿಲ್ಲ. ಹರಿವು ಕಡಿಮೆಯಾದಾಗ ಮೇಲಿನ ಒಂದೆರಡು ಸೆಂಟಿಮೀಟರ್ ಮರಳು ಕೆರೆದರಾಯಿತು. ಪದರ ಮತ್ತೆ ಬಲಿಯುವತನಕ ಆ ನೀರು ಕುಡಿಯಬಾರದು.

ಹಂಗಂತ ಇದು ಎಲ್ಲಕ್ಕೂ ಮದ್ದಲ್ಲ. ಬೋರ್‌ವೆಲ್ಲಿನ ಫ್ಲೋರೈಡ್, ಉಪ್ಪು ಇದಕ್ಕೆ ಸೋಸಲಾಗದು. ಕೆಸರುನೀರು ಬಿಟ್ಟರೆ ತೊಟ್ಟಿ ಬೇಗ ಕಟ್ಟಿಕೊಳ್ಳುತ್ತದೆ. ಒಣಗಿದರೆ ಜೀವಪದರ ಸಾಯುತ್ತದೆ. ಅಂದರೆ ತೊಟ್ಟಿ ಕಟ್ಟುವುದಕ್ಕಿಂತ ನಡೆಸಿಕೊಂಡು ಹೋಗುವುದೇ ದೊಡ್ಡದು. ಇಂದು ಯಾರು ಮರಳು ಕೆರೆಯಬೇಕು, ಯಾರು ನೀರಿನ ಮಟ್ಟ ನೋಡಬೇಕು ಎಂಬ ಪಾಳಿ ತಪ್ಪಿದರೆ ಕೂಸುಗಳಿಗೆ ವಾಂತಿಭೇದಿ ತಪ್ಪಿದ್ದಲ್ಲ.

1905ರಲ್ಲಿ ದೇಶದ ಮೊದಮೊದಲ ಸಹಕಾರಿ ಸಂಘಗಳಲ್ಲೊಂದು ಹುಟ್ಟಿದ್ದು ನಮ್ಮ ನೆರೆಯ ಗದಗ ಭಾಗದ ಕಣಗಿನಹಾಳದಲ್ಲಿ. ಸಾಲಕ್ಕಾಗಿ ಕೂಡಿದ ಕೈಗಳು ನೀರಿಗಾಗಿಯೂ ಕೂಡಬಲ್ಲವು. ಬೆಳ್ಳಿಹಬ್ಬದ ಈ ಹೊತ್ತಿನಲ್ಲಿ ಸದಸ್ಯ ಬಾಂಧವರು ಈ ಮಾತನ್ನು ಮನೆಮನೆಯಲ್ಲಿ ಚರ್ಚಿಸಬೇಕೆಂದು ನಮ್ಮ ವಿನಂತಿ.