ರೂಪಾಯಿಗೆ ಒಂದಾಣೆ

1952ರ ನವೆಂಬರ್ ತಿಂಗಳ ಸಂಬಳದ ದಿನ. ಬಟ್ಟೆ ಗಿರಣಿಯೊಂದರಲ್ಲಿ ತಿಂಗಳಿಗೆ 60 ರೂಪಾಯಿ ದುಡಿಯುವ ಕಾರ್ಮಿಕನೊಬ್ಬನನ್ನು ಕಲ್ಪಿಸಿಕೊಳ್ಳಿ. ಈ ಸಲ ಅವನ ಕೈಗೆ ಬಂದದ್ದು 56 ರೂಪಾಯಿ 4 ಆಣೆ. ಉಳಿದ 3 ರೂಪಾಯಿ 12 ಆಣೆಯನ್ನು ಸಂಬಳದಲ್ಲೇ ಹಿಡಿದುಕೊಂಡಿದ್ದಾರೆ. ಮಾಲೀಕನೂ ಅಷ್ಟೇ ಹಣ ಸೇರಿಸಿ, ಎರಡನ್ನೂ ಕಾರ್ಮಿಕನ ಹೆಸರಿನ ಖಾತೆಗೆ ಕಟ್ಟಬೇಕೆಂದು ಹೊಸ ಕಾಯ್ದೆ ಬಂದಿದೆ. ಅಂದರೆ ತಿಂಗಳಿಗೆ ಏಳೂವರೆ ರೂಪಾಯಿ, ವರ್ಷಕ್ಕೆ 90 ರೂಪಾಯಿ. ಮೊದಲ ವರ್ಷ ಅದಕ್ಕೆ ಸಿಕ್ಕ ಬಡ್ಡಿ ಶೇಕಡ 3.

ಕಾಯ್ದೆಯ ಪುಸ್ತಕದಲ್ಲಿ ಈ ವಂತಿಗೆಯ ದರ ಶೇಕಡ ಆರೂಕಾಲು. ಇಂದಿನ ಓದುಗರಿಗೆ ಇದೊಂದು ವಿಚಿತ್ರ ಸಂಖ್ಯೆ. ಐದಲ್ಲ, ಹತ್ತಲ್ಲ, ಆರೂಕಾಲು ಏಕೆ? ಹದಿನಾರಾಣೆಗೆ ಒಂದು ರೂಪಾಯಿ ಎಂದು ಎಣಿಸುತ್ತಿದ್ದವರಿಗೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ನೂರನ್ನು ಹದಿನಾರರಿಂದ ಭಾಗಿಸಿದರೆ ಬರುವುದು ಆರೂಕಾಲು. ರೂಪಾಯಿಗೆ ಒಂದಾಣೆ, ಅಷ್ಟೇ. ಹದಿನಾರರಲ್ಲಿ ಒಂದು ಪಾಲಿಗೆ ಕನ್ನಡದಲ್ಲಿ ‘ವೀಸ’ ಎಂಬ ಹಳೆಯ ಹೆಸರೇ ಇದೆ. ಕಾಲು, ಅರೆ, ಮುಕ್ಕಾಲುಗಳ ಜೊತೆ ವೀಸದ ಲೆಕ್ಕವನ್ನೂ ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲಿ ಆ ದರ ಎಲ್ಲರಿಗೂ ಬೆರಳ ತುದಿಯಲ್ಲೇ ಸಿಗುವಂಥದ್ದು.

ದುಡಿಯಲಾಗದ ಕಾಲಕ್ಕೆ ತಿಂಗಳಿಗೆ ಎಷ್ಟು ಎತ್ತಿಡಬೇಕು ಎಂಬ ಪ್ರಶ್ನೆಗೆ ಸ್ವತಂತ್ರ ಭಾರತ ಕಾರ್ಮಿಕನಿಗೆ ಕೊಟ್ಟ ಮೊದಲ ದೊಡ್ಡ ಉತ್ತರ ಈ ಒಂದಾಣೆ.

ಪ್ರಶ್ನೆಯೂ ಬಹಳ ಹಳೆಯದಲ್ಲ. ತಿಂಗಳ ಸಂಬಳವೆಂಬುದೇ ಇಲ್ಲದಿದ್ದಾಗ ತಿಂಗಳ ಉಳಿತಾಯದ ಮಾತೆಲ್ಲಿ? ಮುಪ್ಪಿಗೆ ಆಸರೆಯಾಗಿದ್ದುದು ಮಕ್ಕಳು ಮತ್ತು ಭೂಮಿ. ಅರಸರ ಸೇವೆಯಲ್ಲಿದ್ದವರಿಗೂ ಭೂಮಿಯೇ ಭದ್ರತೆ. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಕೊಟ್ಟ ‘ನೆತ್ತರುಗೊಡಗೆ’ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಉಂಬಳಿ, ಇನಾಮು, ಮಾನ್ಯಗಳೆಲ್ಲ ಇದೇ ಬಳಗದವು. ಹೊಲ ಮನೆ ಬಿಟ್ಟು ಕಚೇರಿಗೆ, ರೈಲ್ವೆಗೆ, ಗಿರಣಿಗೆ ಬಂದವರಿಗೆ ಆ ಆಸರೆ ತಪ್ಪಿತು. ಸಂಬಳ ನಿಂತ ದಿನವೇ ಒಲೆಯೂ ನಿಲ್ಲುವ ಹೊಸ ಭಯ ಹುಟ್ಟಿತು.

ಆ ಭಯಕ್ಕೆ ಮೈಸೂರು ಸಂಸ್ಥಾನ ಬೇಗನೆ ಉತ್ತರ ಹುಡುಕಿತು. ಅಧಿಕಾರ ಮತ್ತೆ ಒಡೆಯರ ಕೈಗೆ ಬಂದ ಹತ್ತೇ ವರ್ಷಕ್ಕೆ, 1891ರಲ್ಲಿ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಸರ್ಕಾರಿ ನೌಕರರಿಗೆ ಜೀವವಿಮೆ ಆರಂಭವಾಯಿತು. ಪಿಂಚಣಿ ಎಂಬುದು ನೌಕರನ ಉಸಿರಿನ ಜೊತೆಗೇ ನಿಲ್ಲುತ್ತಿದ್ದ ಕಾಲವದು. ಗುಮಾಸ್ತನೊಬ್ಬ ನಡುವಯಸ್ಸಿನಲ್ಲೇ ತೀರಿಕೊಂಡರೆ ಹೆಂಡತಿ ಮಕ್ಕಳು ನೆಂಟರ ಮನೆಯ ಜಗಲಿ ಸೇರಬೇಕಿತ್ತು. ಸಂಬಳದಿಂದಲೇ ತಿಂಗಳು ತಿಂಗಳು ಕಂತು ಹಿಡಿದುಕೊಂಡು, ಬದುಕಿದ್ದರೆ ಅವನಿಗೆ, ತೀರಿಕೊಂಡರೆ ಮನೆಯವರಿಗೆ ಇಡಿಗಂಟು ಕೊಡುವ ಏರ್ಪಾಡು ಆ ಗಾಯಕ್ಕೆ ಮದ್ದಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿ ಅದರ ಬಾಗಿಲು ಸಾರ್ವಜನಿಕರಿಗೂ ತೆರೆಯಿತು.

1956ರ ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮ ಹುಟ್ಟಿ ದೇಶದ ಖಾಸಗಿ ಜೀವವಿಮಾ ಕಂಪನಿಗಳೆಲ್ಲ ಅದರೊಳಗೆ ಸೇರಿದಾಗಲೂ ಸರ್ಕಾರಿ ನೌಕರರ ಈ ವಿಮೆ ರಾಜ್ಯದ ಕೈಯಲ್ಲೇ ಉಳಿಯಿತು. ಇಂದು ಎಲ್ಲರೂ ಕೆ.ಜಿ.ಐ.ಡಿ. ಎಂದು ಕರೆಯುವ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಇದೇ. ಅದರ ಕಡ್ಡಾಯ ಜೀವವಿಮೆಯ 1958ರ ನಿಯಮಗಳು ಕನಿಷ್ಠ ಕಂತಿಗೆ ಹಿಡಿದ ಅಳತೆ ವೇತನ ಶ್ರೇಣಿಯ ಸರಾಸರಿಯ ಶೇಕಡ 6.25. ಇಲ್ಲಿಯೂ ಅದೇ ರೂಪಾಯಿಗೆ ಒಂದಾಣೆ! 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದು ಆಣೆ ಹಿಂದೆ ಸರಿದ ಮೇಲೂ ಆಣೆಯ ಲೆಕ್ಕ ಸಂಬಳದ ಚೀಟಿಯಲ್ಲಿ ಬದುಕಿಕೊಂಡಿತು.

ಸರ್ಕಾರಿ ನೌಕರಿಯ ಆಚೆಗೆ ‘ಭವಿಷ್ಯ ನಿಧಿ’ಯ ಕಲ್ಪನೆ ರೈಲ್ವೆಯಲ್ಲಿ, ದೊಡ್ಡ ಕಂಪನಿಗಳಲ್ಲಿ ಬೇರು ಬಿಟ್ಟಿತು. ರೈಲ್ವೆಯ ನಿಧಿಯಲ್ಲಿ ವಂತಿಗೆ ಸಂಬಳದ ಹನ್ನೆರಡನೇ ಒಂದು ಪಾಲು: ವರ್ಷವಿಡೀ ಕಟ್ಟಿದರೆ ಒಂದು ತಿಂಗಳ ಸಂಬಳ. ಜಮ್ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ 1920ರಲ್ಲಿ, ಯಾವ ಕಾಯ್ದೆಯ ಒತ್ತಾಯವೂ ಇಲ್ಲದಾಗಲೇ, ತನ್ನ ಕೆಲಸಗಾರರಿಗೆ ಭವಿಷ್ಯ ನಿಧಿ ತೆರೆಯಿತು. 1925ರ ಪ್ರಾವಿಡೆಂಟ್ ಫಂಡ್ಸ್ ಕಾಯ್ದೆ, ಸರ್ಕಾರಿ ಮತ್ತು ರೈಲ್ವೆ ನಿಧಿಗಳಂಥವುಗಳಿಗೆ ಇನ್ನೊಂದು ದೊಡ್ಡ ರಕ್ಷಣೆ ಕೊಟ್ಟಿತು. ಸಾಲ ಕೊಟ್ಟವನು ಎಷ್ಟೇ ಡಿಕ್ರಿ ತಂದರೂ ನಿಧಿಯಲ್ಲಿನ ಹಣವನ್ನು ನ್ಯಾಯಾಲಯ ಜಪ್ತಿ ಮಾಡುವಂತಿಲ್ಲ. ಬಡ್ಡಿ ಸಾಲದಲ್ಲಿ ಕುತ್ತಿಗೆಯವರೆಗೆ ಮುಳುಗಿದ ನೌಕರನಿಗೂ ಯಾರೂ ಮುಟ್ಟಲಾಗದ ಗಂಟು ಒಂದಾದರೂ ಉಳಿಯಿತು.

ಕಾರ್ಖಾನೆಯ ಸಾಮಾನ್ಯ ಕೆಲಸಗಾರನ ಸರದಿ ಬಂದದ್ದು ಸ್ವಾತಂತ್ರ್ಯದ ನಂತರ. 1948ರಲ್ಲಿ ಕಲ್ಲಿದ್ದಲು ಗಣಿಗಳಿಗೆ ಪ್ರತ್ಯೇಕ ಕಾಯ್ದೆ ಆಯಿತು. ಕಾರ್ಖಾನೆಗಳ ಭವಿಷ್ಯ ನಿಧಿಗಾಗಿ 1951ರ ನವೆಂಬರ್ 15ರಂದು ಸುಗ್ರೀವಾಜ್ಞೆ ಹೊರಟಿತು. ಜಗಜೀವನ ರಾಮ್ ಕಾರ್ಮಿಕ ಸಚಿವರಾಗಿದ್ದಾಗ, 1952ರ ಮಾರ್ಚ್ 4ರಂದು, ಅದು ಕಾಯ್ದೆಯಾಯಿತು. ಮುಪ್ಪಿಗೆ ಪಿಂಚಣಿಯ ಬದಲು ನಿಧಿಯೇ ಏಕೆ ಎಂಬುದಕ್ಕೆ ಮಸೂದೆಯ ಉದ್ದೇಶ ವಿವರಣೆಯಲ್ಲಿ ಕಾರಣಗಳಿವೆ. ಕಾರ್ಮಿಕರಲ್ಲಿ ನಿಯಮಿತವಾಗಿ ಉಳಿಸುವ ರೂಢಿ ಬೆಳೆಯಲಿ ಎಂಬುದು ಒಂದು. ಕೈಗಾರಿಕಾ ಊರುಗಳಲ್ಲಿ ಸ್ಥಿರವಾಗಿ ನಿಲ್ಲುವ ದುಡಿಮೆಗಾರರು ಸಿಗಲಿ ಎಂಬುದು ಇನ್ನೊಂದು. ಹೊಲದ ಕೆಲಸಕ್ಕೆಂದು ಊರಿಗೆ ಮರಳುತ್ತಿದ್ದ ಮನುಷ್ಯನನ್ನು ಊರಿನ ಭೂಮಿಗೆ ಬದಲಾಗಿ ಖಾತೆಯೊಂದು ಹಿಡಿದಿಡಬೇಕಿತ್ತು.

ಕಾಯ್ದೆ ಮೊದಲು ಆರು ಕೈಗಾರಿಕೆಗಳಿಗೆ, ಐವತ್ತು ಅಥವಾ ಹೆಚ್ಚು ಜನರಿದ್ದ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸಿತು. ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್ ವಸ್ತುಗಳು, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ. ಕನ್ನಡ ನಾಡಿಗೆ ಇವು ಅಪರಿಚಿತ ಹೆಸರುಗಳಲ್ಲ. ಕಬ್ಬಿಣ, ಸಿಮೆಂಟು, ಕಾಗದ ಮೂರೂ ಆ ಹೊತ್ತಿಗಾಗಲೇ ಭದ್ರಾವತಿಯೊಂದರಲ್ಲೇ ತಯಾರಾಗುತ್ತಿದ್ದವು. ಬೆಂಗಳೂರಿನ ಬಿನ್ನಿ ಮಿಲ್ಲಿನಂಥ ಜವಳಿ ಗಿರಣಿಗಳ ಸುತ್ತ ಬಡಾವಣೆಗಳೇ ಬೆಳೆದಿದ್ದವು.

ದರದ ಮುಂದಿನ ಕಥೆ ಮೆಟ್ಟಿಲು ಮೆಟ್ಟಿಲಾಗಿ ಏರಿದೆ. 1960ರ ದಶಕದ ಆರಂಭದಲ್ಲಿ ಹಲವು ಉದ್ಯಮಗಳಿಗೆ ಶೇಕಡ 8 ಆಯಿತು. 1980ರ ದಶಕದ ಕೊನೆಯಲ್ಲಿ ಆಣೆಯ ಲೆಕ್ಕ ಕಳಚಿಕೊಂಡು ರೈಲ್ವೆಯವರ ಹನ್ನೆರಡನೇ ಪಾಲು, ಅಂದರೆ ಶೇಕಡ 8.33, ಕಾಯ್ದೆಯೊಳಗೆ ಬಂತು. 1997ರ ಸೆಪ್ಟೆಂಬರ್ 22ರಿಂದ ಅದು 10 ಆಯಿತು, ಹೆಚ್ಚಿನ ಸಂಸ್ಥೆಗಳಿಗೆ 12. ಇಂದಿಗೂ ಸಂಬಳದ ಚೀಟಿಯಲ್ಲಿ ಇರುವುದು ಆ ಹನ್ನೆರಡೇ.

ಈ ಎಲ್ಲ ಸಂಖ್ಯೆಗಳಿಗೂ ಒಂದು ಸಾಮ್ಯವಿದೆ. ಇವೆಲ್ಲ ಇಂದಿನ ಕೂಲಿಯ ಭಾಗಗಳು. ಕೂಲಿಯಲ್ಲಿ ಎಷ್ಟನ್ನು ಹಿಡಿಯಬೇಕು ಎಂಬುದನ್ನು ಕಾಯ್ದೆ ಹೇಳುತ್ತದೆ. ಅರವತ್ತರ ನಂತರ ಅಕ್ಕಿ, ಬಾಡಿಗೆ, ಔಷಧಿಗೆ ಎಷ್ಟು ಬೇಕಾದೀತು, ಅದಕ್ಕೆ ಈಗ ಎಷ್ಟು ಕಟ್ಟಬೇಕು ಎಂಬ ಲೆಕ್ಕ ಅದರಲ್ಲಿಲ್ಲ. ಕೈಗೆ ಬರುವ ಹಣದ ಕಡೆಯಿಂದ ಎಣಿಕೆ ಶುರುವಾಗುತ್ತದೆಯೇ ಹೊರತು ಮುಪ್ಪಿನ ಕಡೆಯಿಂದಲ್ಲ. ಅರೆಹೊಟ್ಟೆಯ ಕೂಲಿಯಲ್ಲಿ ಅದಕ್ಕಿಂತ ಹೆಚ್ಚು ಕೇಳುವುದು ಸಾಧ್ಯವೂ ಇರಲಿಲ್ಲ.

ಜೊತೆಗೆ, ಹನ್ನೆರಡು ಅಂದರೆ ಯಾವುದರಲ್ಲಿ ಹನ್ನೆರಡು? ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿದ ಮೊತ್ತದಲ್ಲಿ. ಕಡ್ಡಾಯಕ್ಕೆ ಸಂಬಳದ ಒಂದು ಮಿತಿಯೂ ಇತ್ತು. 1952ರಲ್ಲಿ ತಿಂಗಳಿಗೆ 300 ರೂಪಾಯಿ ಇದ್ದ ಆ ಮಿತಿ ಹಂತಹಂತವಾಗಿ ಏರಿ 2014ರ ಸೆಪ್ಟೆಂಬರ್ 1ರಿಂದ 15,000 ರೂಪಾಯಿ ಆಯಿತು. ಎಷ್ಟೋ ಕಡೆ ಮಾಲೀಕರು ಮೂಲವೇತನವನ್ನು ಕಿರಿದಾಗಿಸಿ ಉಳಿದದ್ದನ್ನು ‘ವಿಶೇಷ ಭತ್ಯೆ’ ಎಂದು ಬರೆದರು. ದರ ಹನ್ನೆರಡೇ ಇದ್ದರೂ ನಿಧಿಗೆ ಬೀಳುವ ಹಣ ಸೊರಗಿತು. ಎಲ್ಲರಿಗೂ ಸಮಾನವಾಗಿ ಕೊಡುವ ಇಂಥ ಭತ್ಯೆಯೂ ವಂತಿಗೆಯ ಲೆಕ್ಕಕ್ಕೆ ಸೇರಬೇಕೆಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿ 28ರಂದು ತೀರ್ಪು ಕೊಡಬೇಕಾಯಿತು.

1995ರ ನವೆಂಬರ್ 16ರಂದು ನೌಕರರ ಪಿಂಚಣಿ ಯೋಜನೆ ಬಂದಾಗ ಮಾಲೀಕನ ಪಾಲೇ ಎರಡಾಗಿ ಒಡೆಯಿತು. ಈಗಿನ ಲೆಕ್ಕದಲ್ಲಿ ಅವನು ಕಟ್ಟುವ ಹನ್ನೆರಡರಲ್ಲಿ 8.33 ಪಿಂಚಣಿ ಖಾತೆಗೆ, ಉಳಿದ 3.67 ಮಾತ್ರ ನಿಧಿಗೆ. ಈ ಪುಟ್ಟ 3.67 ಮುಂದೆ ಬೆಂಗಳೂರಿನ ಬೀದಿಗೆ ಇಳಿಯಲಿತ್ತು.

ಸಂಬಳದ ಚೀಟಿಯೇ ಇಲ್ಲದವರ ಮಾತು ಬೇರೆ. ಹೊಲದ ಕೂಲಿ, ಮನೆಗೆಲಸ, ತಳ್ಳುಗಾಡಿ, ಗಾರೆ ಕೆಲಸದವರಿಗೆ ಯಾವ ಕಾಯ್ದೆಯ ದರವೂ ಸಿಗಲಿಲ್ಲ. ಅವರ ಉಳಿತಾಯ ಸಾಸಿವೆ ಡಬ್ಬಿಯಲ್ಲಿ, ಚೀಟಿಯಲ್ಲಿ, ಒಂದೆರಡು ಗುಂಡು ಚಿನ್ನದಲ್ಲಿ. ಅವರಿಗಾಗಿ 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆ ಹಳೆಯ ಎಣಿಕೆಯನ್ನು ತಿರುಗಿಸಿ ಹಾಕಿತು. ಅಲ್ಲಿ ಮೊದಲು ಕೇಳುವುದು ಅರವತ್ತರ ನಂತರ ತಿಂಗಳಿಗೆ ಎಷ್ಟು ಬೇಕು ಎಂದು. ಸಾವಿರವೇ, ಐದು ಸಾವಿರವೇ? ಆಮೇಲೆ ವಯಸ್ಸು ನೋಡಿ ಕಂತು ಹೇಳುತ್ತಾರೆ. ಸಾವಿರ ರೂಪಾಯಿ ಪಿಂಚಣಿಗೆ ಹದಿನೆಂಟರ ಹುಡುಗಿ ತಿಂಗಳಿಗೆ 42 ರೂಪಾಯಿ ಕಟ್ಟಿದರೆ ಸಾಕು. ಅದೇ ಪಿಂಚಣಿಗೆ ನಲವತ್ತರ ಅವಳ ತಾಯಿ ಕಟ್ಟಬೇಕಾದದ್ದು 291. ಐದು ಸಾವಿರಕ್ಕಾದರೆ ಮಗಳಿಗೆ 210, ತಾಯಿಗೆ 1,454. ಬಡ್ಡಿ ಬೆಳೆಯಲು ಕಾಲ ಬೇಕೆಂಬುದನ್ನು ಇಷ್ಟು ನೇರವಾಗಿ ತೋರಿಸುವ ಕೋಷ್ಟಕ ಇನ್ನೊಂದಿಲ್ಲ. ಆದರೆ ಆ ಸಾವಿರ ರೂಪಾಯಿ ಬೆಲೆ ಏರಿದ ಹಾಗೆ ಏರುವುದಿಲ್ಲ. ಹದಿನೆಂಟರ ಹುಡುಗಿಗೆ ಅದು ಸಿಗಲು ಇನ್ನೂ 42 ವರ್ಷ ಇದೆ ಎಂಬುದನ್ನು ಮರೆಯುವಂತಿಲ್ಲ.

ಇನ್ನು ಆ 3.67ರ ಕಥೆ. 2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರದ ಅಧಿಸೂಚನೆಯೊಂದು ಬಂತು. ಕೆಲಸ ಬಿಟ್ಟವರು ತಮ್ಮ ಪಾಲಿನ ಪಿ.ಎಫ್. ಹಣ ಮತ್ತು ಅದರ ಬಡ್ಡಿಯನ್ನು ತೆಗೆಯಬಹುದು. ಮಾಲೀಕನ ಪಾಲು 58 ವರ್ಷ ತುಂಬುವವರೆಗೆ ನಿಧಿಯಲ್ಲೇ ಇರಬೇಕು. ಮುಪ್ಪಿನ ಗಂಟು ನಡುವೆಯೇ ಕರಗಬಾರದೆಂಬುದು ಅದರ ಹಿಂದಿನ ವಾದ. ಸುದ್ದಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಹೊಲಿಗೆ ಸಾಲುಗಳಿಗೆ ತಲುಪಿತು. ಏಪ್ರಿಲ್ 18ರಂದು, ದೊಡ್ಡ ಸಂಘಟನೆಗಳ ಕರೆಗೆ ಕಾಯದೆ, ಸಾವಿರಾರು ಹೆಣ್ಣುಮಕ್ಕಳು ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಗೆ ಇಳಿದು ಕುಳಿತರು. ಮರುದಿನ ಕಿಚ್ಚು ಜಾಲಹಳ್ಳಿ ಕ್ರಾಸ್, ಪೀಣ್ಯ, ಹೆಬ್ಬಗೋಡಿಗಳಿಗೆ ಹಬ್ಬಿತು. ಕಲ್ಲು ತೂರಾಟ, ಬಸ್ಸಿಗೆ ಬೆಂಕಿ, ಲಾಠಿ, ಅಶ್ರುವಾಯು ಎಲ್ಲವನ್ನೂ ಊರು ನೋಡಿತು.

ಅವರ ಸಿಟ್ಟಿನ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಅವರಲ್ಲೊಬ್ಬಳ ವಂತಿಗೆಗೆ ಸೇರುವ ಕೂಲಿ 7,000 ರೂಪಾಯಿ ಎಂದಿಟ್ಟುಕೊಂಡರೆ, ಅವಳ ಪಾಲು 840. ಮಾಲೀಕನದೂ 840, ಅದರಲ್ಲಿ 583 ಪಿಂಚಣಿಗೆ, 257 ನಿಧಿಗೆ. ಐದು ವರ್ಷ ದುಡಿದು ಕೆಲಸ ಬಿಟ್ಟವಳಿಗೆ ಈ 257ರ ಸಾಲಿನಿಂದ ಕೂಡಿದ್ದು 15,420 ರೂಪಾಯಿ, ಮೇಲೆ ಬಡ್ಡಿ. ಅಧಿಸೂಚನೆ ತಡೆಹಿಡಿದದ್ದು ಇಷ್ಟನ್ನು. ದಿನಕ್ಕೆ ನೂರಾರು ಕಾಲರು, ತೋಳು ಹೊಲಿಯುವ ಆ ಕೈಗಳು 58ರವರೆಗೆ ಯಂತ್ರದ ಮುಂದೆ ಇರುವುದು ಅಪರೂಪ. ಜೂನ್‌ನಲ್ಲಿ ಶಾಲೆಯ ಫೀಸು, ಭೋಗ್ಯದ ಮನೆಗೆ ಮುಂಗಡ, ತಂಗಿಯ ಮದುವೆ, ಅಮ್ಮನ ಆಸ್ಪತ್ರೆ ಇವುಗಳಿಗೆ ಬೇರೆ ಗಂಟೇ ಇಲ್ಲ. ನಿವೃತ್ತಿಗೆಂದು ಸರ್ಕಾರ ಕರೆದ ಹಣ ಅವರ ಪಾಲಿಗೆ ಕಷ್ಟಕಾಲದ ಹಣ. ಅವರು ಉಳಿತಾಯವನ್ನು ಬೇಡವೆಂದವರಲ್ಲ. ಪ್ರತಿ ತಿಂಗಳೂ ಕಟ್ಟಿದ ಹಣ ಬೇಕಾದಾಗ ಸಿಗಲಿ ಎಂದವರು.

ಏಪ್ರಿಲ್ 19ರ ಸಂಜೆಯ ಹೊತ್ತಿಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆ ರದ್ದಾಯಿತೆಂದು ಪ್ರಕಟಿಸಿದರು. 257ರ ಸಾಲು ಅವರಿಗೆ ಮರಳಿತು. ಹಿಡಿದುಕೊಳ್ಳುವ ದರ ಬದಲಾಗಲಿಲ್ಲ. ಅವಳ ಚೀಟಿಯಲ್ಲಿ 12, ಮಾಲೀಕನ ಪುಸ್ತಕದಲ್ಲಿ 12. 1952ರ ಗಿರಣಿಯವನ ಒಂದಾಣೆ ಆ ಹೊತ್ತಿಗೆ ಹೆಚ್ಚುಕಡಿಮೆ ಎರಡಾಣೆಯಾಗಿತ್ತು.