ಶತ್ರುವಿಲ್ಲದ ರಣರಂಗ

ಜೈನಧರ್ಮವು ಯೋಧನನ್ನು ದೂರವಿರಿಸಿದ ಧರ್ಮವಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿದ ನಮ್ಮ ಪರಂಪರೆಯು ರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ಶ್ರಾವಕನ ಪಾಲಿಗೆ ಅನಿವಾರ್ಯವೆಂದೆಣಿಸಿತು. ಎದುರಿಗೆ ಶತ್ರುವೇ ಇಲ್ಲದಾಗ, ತನ್ನವರ ಆಜ್ಞೆಯಿಂದಲೇ ಯೋಧನ ದೇಹಕ್ಕೆ ತಟ್ಟಿದ ಹಾನಿಯನ್ನು ಏನೆಂದು ಕರೆಯಬೇಕು? ಅಣ್ವಸ್ತ್ರ ಪರೀಕ್ಷೆಗಳ ಇತಿಹಾಸವು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ.

1951ರಿಂದ 1957ರವರೆಗೆ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಸೈನಿಕರನ್ನು ಕಂದಕಗಳಲ್ಲಿ ಕುಳ್ಳಿರಿಸಿ, ಸ್ಫೋಟದ ಬಳಿಕ ಅದೇ ನೆಲದತ್ತ ನಡೆಸಲಾಯಿತು. 1957–58ರಲ್ಲಿ ಬ್ರಿಟನ್ ಪೆಸಿಫಿಕ್ ಸಾಗರದ ಕ್ರಿಸ್‌ಮಸ್ ದ್ವೀಪದ ಬಳಿ ಜಲಜನಕ ಬಾಂಬುಗಳನ್ನು ಸಿಡಿಸಿದಾಗ ಬ್ರಿಟಿಷ್ ಸೈನಿಕರೊಡನೆ ಫಿಜಿಯ ಯೋಧರೂ ನ್ಯೂಜಿಲೆಂಡಿನ ನಾವಿಕರೂ ಇದ್ದರು. ಬೆನ್ನು ತಿರುಗಿಸಿ ಕಣ್ಣು ಮುಚ್ಚಿಕೊಳ್ಳಬೇಕೆಂಬ ಸೂಚನೆಯೇ ಅನೇಕರಿಗೆ ದೊರೆತ ರಕ್ಷಣೆ. ಮುಚ್ಚಿದ ಕಣ್ಣಿಗೂ ತಮ್ಮ ಕೈಯೆಲುಬುಗಳು ಕಂಡವೆಂದು ಹಲವರು ಹೇಳಿದ್ದಾರೆ.

ವಿಕಿರಣದಿಂದ ಬರುವ ಅರ್ಬುದರೋಗವು ದಶಕಗಳ ಬಳಿಕ ತಲೆದೋರಬಹುದು. ಆಗ ಅದರ ಕಾರಣವನ್ನು ರೋಗಿಯೇ ಸಾಧಿಸಿ ತೋರಿಸಬೇಕಾಯಿತು. ನಮ್ಮ ಗೌರಿಬಿದನೂರಿನ ಭೂಕಂಪನ ಕೇಂದ್ರವು 1960ರ ದಶಕದಿಂದ ದೂರದೇಶಗಳ ಭೂಗತ ಅಣುಸ್ಫೋಟಗಳ ಕಂಪನವನ್ನು ಗುರುತಿಸುತ್ತ ಬಂದಿದೆ. ಸ್ಫೋಟದ ಸಮೀಪದಲ್ಲಿ ನಿಂತ ಅನೇಕರ ಮೈಗೆ ತಾಗಿದ ವಿಕಿರಣವನ್ನಾದರೋ ಯಾರೂ ಅಳೆದಿಡಲಿಲ್ಲ. ಅಮೆರಿಕದ ಸೈನಿಕರು ಗೋಪ್ಯತೆಯ ಕಟ್ಟಳೆಯಿಂದಾಗಿ 1996ರವರೆಗೆ ಮಾತನಾಡುವಂತಿರಲಿಲ್ಲ. ಆ ದೇಶವು 1988ರ ಕಾಯ್ದೆಯಿಂದ ಕೆಲವು ಅರ್ಬುದಗಳ ಮಟ್ಟಿಗೆ ಸಾಕ್ಷ್ಯದ ಹೊರೆಯನ್ನು ಇಳಿಸಿತು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ತನ್ನ ಮುಂದೆ ಬಂದ 9 ದಾವೆಗಳನ್ನು ಕಾಲಮಿತಿ ಮೀರಿದವೆಂದು ತಳ್ಳಿಹಾಕಿತು. ಸ್ಮಾರಕ ಪದಕವು ಘೋಷಣೆಯಾದದ್ದು 2022ರಲ್ಲಿ. ಅಷ್ಟರಲ್ಲಿ ಬಹುಮಂದಿ ತೀರಿಕೊಂಡಿದ್ದರು.

ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯಲ್ಲಿ ನಡೆಯುತ್ತದೆ. ಸ್ಫೋಟಿಸಿದವನೊಡನೆ ಆಜ್ಞೆಯಿತ್ತವನೂ ಸಮ್ಮತಿಸಿದವನೂ ಅದರಲ್ಲಿ ಪಾಲುಗಾರರು. ಪ್ರಮಾದದಿಂದ ಪ್ರಾಣಕ್ಕೆ ಹಾನಿಯಾದರೆ ಅದು ಹಿಂಸೆಯೇ. ಅದನ್ನು ಮರೆಮಾಚಿದಾಗ ಸತ್ಯವ್ರತಕ್ಕೂ ಭಂಗ. ರೋಗವು ಅವರವರ ಕರ್ಮೋದಯವೆಂದು ಹೇಳಿ ಸುಮ್ಮನಾಗುವವರುಂಟು. ಒಬ್ಬನ ಕರ್ಮೋದಯವು ಮತ್ತೊಬ್ಬನ ಪ್ರಮಾದವನ್ನು ತೊಳೆಯಲಾರದು. ಆ ಪ್ರಮಾದವು ಹೊಸ ಕರ್ಮಬಂಧಕ್ಕೆ ಕಾರಣವೆಂಬುದೇ ಸಿದ್ಧಾಂತ.

ಫಿಜಿ ಸರ್ಕಾರವು 2015ರಲ್ಲಿ ಬ್ರಿಟನ್ನಿನ ನಿರ್ಧಾರಕ್ಕೆ ಕಾಯದೆ, ಬದುಕುಳಿದಿದ್ದ ತನ್ನ 24 ಮಂದಿ ಯೋಧರಿಗೆ ತಾನೇ ಪರಿಹಾರವಿತ್ತಿತು. ತಪ್ಪು ಯಾರದೆಂಬುದು ತೀರ್ಮಾನವಾಗುವ ಮೊದಲೇ ನೊಂದವನಿಗೆ ನೆರವಾದ ಈ ನಡೆಯಲ್ಲಿ ನಮಗೆ ಪಾಠವಿದೆ. ರಾಜಾಜಿನಗರ, ವಿಜಯನಗರಗಳಂತಹ ನಮ್ಮ ಬಡಾವಣೆಗಳಲ್ಲಿಯೂ ನಿವೃತ್ತ ಸೈನಿಕರಿದ್ದಾರೆ. ಅವರ ಕಾಯಿಲೆಗೆ ಕಾರಣವಾವುದೆಂಬ ವಿಚಾರಣೆಗೆ ಕಾಯದೆ ಔಷಧದಾನಕ್ಕೆ ಮುಂದಾಗುವುದು ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ಉಚಿತವಾದ ಧರ್ಮಕಾರ್ಯ.